ಗೋಡೆಯೊಳಗೆ ಉಳಿದ ನೀರು

ನೆರೆ ಇಳಿದ ಮೇಲೆ ಎಲೆಕ್ಟ್ರಿಷಿಯನ್ ಬಂದು ವಿದ್ಯುತ್ ಸಂಪರ್ಕ ಪೂರ್ತಿ ತಪ್ಪಿಸುವವರೆಗೆ ನಾನು ಹೊಸ್ತಿಲು ದಾಟಲಿಲ್ಲ. ನಿಂತ ನೀರಿಗಿಳಿದು ಮೇನ್ ಸ್ವಿಚ್ ಮುಟ್ಟುವುದು ಜೀವಕ್ಕೇ ಅಪಾಯ. ಒಳಗೆ ಹೋದವನು ಏನನ್ನೂ ಸರಿಸುವ ಮೊದಲು ವಿಮೆಗೆಂದು ಪ್ರತಿ ಕೋಣೆಯ ಫೋಟೊ ತೆಗೆದೆ.

ಕೆಸರನ್ನು ಹಸಿಯಿರುವಾಗಲೇ ಬಾಚಬೇಕು, ಒಣಗಿದರೆ ಕಲ್ಲಾಗುತ್ತದೆ. ನೆರೆಯ ನೀರಿನಲ್ಲಿ ಚರಂಡಿಯ ಕೊಳೆಯೂ ಸೇರಿರುತ್ತದೆ, ಹಾಗಾಗಿ ಕೈಗವಸು, ಬೂಟು ಇಲ್ಲದೆ ಯಾರನ್ನೂ ಕೆಲಸಕ್ಕೆ ಇಳಿಸಲಿಲ್ಲ. ಹಾಸಿಗೆ, ದಿಂಬುಗಳನ್ನು ಎಸೆದೆ. ಅಮ್ಮನಿಗೆ ಮನಸ್ಸಿರಲಿಲ್ಲ, ಆದರೆ ಬೂಷ್ಟು ಹಿಡಿಯಲು 24ರಿಂದ 48 ಗಂಟೆ ಸಾಕು. ಹತ್ತಿಯ ಒಡಲಿಗೆ ಹೊಕ್ಕ ಕೊಳೆ ತೊಳೆದರೆ ಹೋಗುವುದೂ ಇಲ್ಲ. ಮರದ ಕುರ್ಚಿ, ಮೇಜುಗಳನ್ನು ನೆರಳಿನಲ್ಲಿ ಒಣಗಿಸಿದೆ. ಬಿಸಿಲಿಗಿಟ್ಟ ಒಂದೇ ಒಂದು ಸ್ಟೂಲು ಸೀಳಿಹೋಯಿತು.

ನಿಜವಾದ ಕೆಲಸ ಗೋಡೆಯದು. ಕೆಸರಿನ ಗೆರೆ ಮೊಣಕಾಲೆತ್ತರಕ್ಕಿತ್ತು, ನೀರು ಅಷ್ಟೇ ಏರಿದೆಯೆಂದು ನಂಬಿದ್ದೆ. ಬತ್ತಿ ಎಣ್ಣೆಯನ್ನು ಹೀರುವಂತೆ ಗಾರೆ ನೀರನ್ನು ಮೇಲಕ್ಕೆ ಹೀರುತ್ತದೆ: ಗೆರೆಯಿಂದ ಎರಡು ಗೇಣು ಮೇಲೆಯೂ ಅಂಗೈಗೆ ತಂಪು ತಾಗುತ್ತಿತ್ತು. ಮೂರು ವಾರಕ್ಕೆ ಮೇಲ್ಮೈ ಬೆಳ್ಳಗಾಯಿತು, ಮನೆಯವರ ಆತುರಕ್ಕೆ ಮಣಿದು ಒಂದು ಕೋಣೆಗೆ ಬಣ್ಣ ಬಳಿಸಿದೆ. ತಿಂಗಳೊಳಗೆ ಬಣ್ಣವೆಲ್ಲ ಬೊಬ್ಬೆಯೆದ್ದು ಹಾಳೆಹಾಳೆಯಾಗಿ ಕಳಚಿತು. ಒಳಗಿನ ತೇವಕ್ಕೆ ಹೊರಬರುವ ದಾರಿಯನ್ನು ನಾನೇ ಮುಚ್ಚಿದ್ದೆ.

ಆಮೇಲೆ ಬೇರೆ ದಾರಿ ಹಿಡಿದೆ. ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಮರುದಿನ ನೋಡುತ್ತಿದ್ದೆ. ಒಳಬದಿಯಲ್ಲಿ ಹನಿ ಕಟ್ಟಿದ್ದರೆ ಗೋಡೆ ಇನ್ನೂ ಹಸಿ. ಗಾಳಿ ಒಣಗಿದ್ದ ದಿನ ಎದುರುಬದುರಿನ ಕಿಟಕಿ ತೆರೆದು ಒಂದರಲ್ಲಿ ಫ್ಯಾನನ್ನು ಹೊರಮುಖವಾಗಿ ಇಡುತ್ತಿದ್ದೆ; ಮಳೆಯ ದಿನ ಕಿಟಕಿ ಮುಚ್ಚುತ್ತಿದ್ದೆ, ಹೊರಗಿನ ತೇವವನ್ನು ಒಳಗೆ ಕರೆದು ಲಾಭವಿಲ್ಲ. ಗೋಡೆಯ ಮೇಲೆ ಬೆಳ್ಳಗೆ ಉಪ್ಪು ಒಡೆದಾಗ ಒಣ ಬ್ರಷ್‌ನಿಂದ ಉಜ್ಜಿ ತೆಗೆದೆ. ನೀರು ಹಾಕಿ ತೊಳೆದಿದ್ದರೆ ಅದು ಕರಗಿ ಮತ್ತೆ ಒಳಗೇ ಇಳಿಯುತ್ತಿತ್ತು.

ಕೊನೆಯ ಗೋಡೆಯ ಹಾಳೆ ಒಂದು ಹನಿಯೂ ಇಲ್ಲದೆ ಬಿಡಿಸಿ ಬಂದದ್ದು ಐದನೆಯ ತಿಂಗಳಿನಲ್ಲಿ. ಅಂದು ಸಂಜೆ ಬೀರುವನ್ನು ಅದರ ಜಾಗಕ್ಕೆ ತಂದಿಟ್ಟೆವು, ಗೋಡೆಯಿಂದ ನಾಲ್ಕು ಬೆರಳು ದೂರದಲ್ಲಿ.