ಟೈರ್ ಪಾಲಿಶ್ ಕೊಳ್ಳುವ ಮುನ್ನ ಬೆರಳಿಗೆ ಹಚ್ಚಿ ನೋಡಿ

ಹಾಸನದ ಬಿ.ಎಂ. ರಸ್ತೆಯ ನಮ್ಮ ಟೈರ್ ಅಂಗಡಿಗೆ ಮಿರಮಿರನೆ ಹೊಳೆಯುವ ಟೈರಿನ ಕಾರು ಬಂದರೆ, ನಾನು ಮೊದಲು ಒಂದು ಹಳೆ ಬಟ್ಟೆಯಿಂದ ಟೈರಿನ ಪಕ್ಕೆಯನ್ನು ಒರೆಸುತ್ತೇನೆ. ಬಟ್ಟೆಗೆ ಜಿಡ್ಡು ಹತ್ತಿತೆಂದರೆ, ಹಚ್ಚಿರುವುದು ಎಂಥ ಪಾಲಿಶ್ ಎಂದು ಕೇಳಬೇಕಾಗಿಯೇ ಇಲ್ಲ.

ರಬ್ಬರಿನೊಳಗೆ ತನ್ನದೇ ರಕ್ಷಣೆ ಇರುತ್ತದೆ. ಟೈರಿಗೆ ಕಪ್ಪು ಬಣ್ಣ ಕೊಡುವ ಇಂಗಾಲದ ಪುಡಿ ಬಿಸಿಲನ್ನು ತಡೆದುಕೊಳ್ಳುತ್ತದೆ. ಗಾಳಿಯಲ್ಲಿರುವ ಓಝೋನ್‌ನಿಂದ ರಬ್ಬರು ಬಿರಿಯದಿರಲೆಂದು ಮೇಣವನ್ನೂ 6ಪಿಪಿಡಿ ಎಂಬಂಥ ರಾಸಾಯನಿಕವನ್ನೂ ತಯಾರಿಸುವಾಗಲೇ ಬೆರೆಸಿರುತ್ತಾರೆ. ಗಾಡಿ ಓಡಿ ಟೈರು ಬಾಗಿದಂತೆಲ್ಲ ಇವು ನಿಧಾನವಾಗಿ ಮೇಲಕ್ಕೆ ಬರುತ್ತವೆ. ಟೈರು ಕಂದು ಬಣ್ಣಕ್ಕೆ ತಿರುಗುವುದು ಹೆಚ್ಚಾಗಿ ಇದರಿಂದ. ತಿಂಗಳುಗಟ್ಟಲೆ ನಿಂತ ಕಾರಿನ ಟೈರು ಬಾಗುವುದಿಲ್ಲ, ಇವು ಮೇಲಕ್ಕೆ ಬರುವುದೂ ಇಲ್ಲ; ಅದು ಬೇಗ ಬಿರಿಯುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಈ ಮೇಣವನ್ನು ಕರಗಿಸದ ಪಾಲಿಶನ್ನೇ ಆರಿಸಬೇಕು.

ಮಾರುಕಟ್ಟೆಯಲ್ಲಿರುವುದು ಮುಖ್ಯವಾಗಿ ಎರಡು ಬಗೆ. ನೀರಿನ ಆಧಾರದ ಪಾಲಿಶ್ ಸಾಮಾನ್ಯವಾಗಿ ಹಾಲಿನಂತೆ ಬೆಳ್ಳಗಿರುತ್ತದೆ, ಒಣಗಿದ ಮೇಲೆ ಮಂದ ಕಪ್ಪು ಬಣ್ಣ ಕೊಡುತ್ತದೆ. ಪೆಟ್ರೋಲಿಯಂ ದ್ರಾವಕದ್ದು ಹೆಚ್ಚಾಗಿ ಪಾರದರ್ಶಕ, ಸೀಮೆಎಣ್ಣೆಯಂಥ ವಾಸನೆ, ಕನ್ನಡಿಯಂಥ ಹೊಳಪು. ಡಬ್ಬಿಯ ಮೇಲೆ ಬೆಂಕಿಯ ಚಿಹ್ನೆಯೋ ‘ಪೆಟ್ರೋಲಿಯಂ ಡಿಸ್ಟಿಲೇಟ್’ ಎಂಬ ಬರಹವೋ ಇದ್ದರೆ ಅದು ಹೆಚ್ಚಾಗಿ ಎರಡನೆಯ ಬಗೆ. ಅನುಮಾನವಿದ್ದರೆ ಒಂದು ಹನಿಯನ್ನು ಎರಡು ಬೆರಳಿನ ನಡುವೆ ಉಜ್ಜಿ, ಬರೀ ನೀರಿನಲ್ಲಿ ತೊಳೆಯಿರಿ. ಹಾಲಿನಂತೆ ಬಿಟ್ಟುಕೊಂಡರೆ ನೀರಿನದು. ನೀರು ನಿಲ್ಲದೆ ಜಾರಿಹೋಗಿ, ಜಿಡ್ಡು ಹಾಗೆಯೇ ಉಳಿದರೆ ವಾಪಸ್ ಕೊಡಿ. ಸಿಲಿಕೋನ್ ಎಂಬ ಹೆಸರು ನೋಡಿ ಹೆದರಬೇಕಾಗಿಲ್ಲ, ನೀರಿನ ಪಾಲಿಶ್‌ಗಳಲ್ಲೂ ಅದು ಇರುತ್ತದೆ. ರಬ್ಬರಿಗೆ ಕಾಟ ಕೊಡುವುದು ಅದರ ಜೊತೆಗೆ ಬರುವ ದ್ರಾವಕ.

ಕೆಲವು ವಾಟರ್ ಸರ್ವಿಸ್‌ಗಳಲ್ಲಿ ಡೀಸೆಲ್, ಗಾಡಿಯಿಂದ ಇಳಿಸಿದ ಹಳೆ ಆಯಿಲ್ ಹಚ್ಚುವುದುಂಟು. ಇದನ್ನು ಖಂಡಿತ ಒಪ್ಪಬೇಡಿ. ಎಣ್ಣೆ ರಬ್ಬರಿನೊಳಕ್ಕೆ ಇಳಿದು ಅದನ್ನು ಉಬ್ಬಿಸಿ ಮೆದುವಾಗಿಸುತ್ತದೆ. ನಿಮ್ಮ ಡಬ್ಬಿಯನ್ನು ನೀವೇ ಕೊಟ್ಟು, ಇದನ್ನೇ ಹಚ್ಚಿ ಎನ್ನಿ.

ಹಚ್ಚುವ ಮೊದಲು ತೊಳೆಯುವುದೇ ಮುಕ್ಕಾಲು ಕೆಲಸ. ಟೈರು ಬಿಸಿಯಾಗಿರಬಾರದು. ಕ್ಲೀನರ್ ಹಾಕಿ ಗಟ್ಟಿ ಬ್ರಷ್‌ನಿಂದ ತಿಕ್ಕಿದರೆ ಮೊದಲು ಟೀ ಬಣ್ಣದ ನೊರೆ ಬರುತ್ತದೆ. ನೊರೆ ಬೆಳ್ಳಗಾಗುವವರೆಗೆ ತಿಕ್ಕಿ, ತೊಳೆದು, ಅಕ್ಷರಗಳ ಸಂದಿಯೂ ಒಣಗಲು ಬಿಡಿ. ಈಗ ಟೈರನ್ನು ಓದಿ. ಪಕ್ಕೆಯ ಮೇಲೆ ಡಿಒಟಿ (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 2319 ಎಂದರೆ 2019ರ 23ನೇ ವಾರ. ಪಕ್ಕೆಯಲ್ಲಿ ಉಬ್ಬು ಅಥವಾ ಆಳವಾದ ಬಿರುಕು ಕಂಡರೆ ಪಾಲಿಶ್ ಬದಿಗಿಟ್ಟು ಟೈರು ಬದಲಿಸಿ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗಲೂ ಹೀಗೆ ಒರೆಸಿಯೇ ನೋಡಬೇಕು.

ಆಮೇಲೆ ಸ್ಪಂಜಿಗೆ ಸ್ವಲ್ಪವೇ ಹಾಕಿ ಪಕ್ಕೆಗೆ ತೆಳ್ಳಗೆ ಸವರಿ. ಹತ್ತು ಹದಿನೈದು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ಒರೆಸುವುದನ್ನು ಮಾತ್ರ ಮರೆಯಬೇಡಿ. ಉಳಿದ ಪಾಲಿಶ್ ಚಕ್ರ ತಿರುಗಿದಾಗ ಸಿಡಿದು ಬಾಗಿಲಿನ ಕೆಳಗೆ ಕಪ್ಪು ಚುಕ್ಕೆಗಳ ಸಾಲು ಮೂಡಿಸುತ್ತದೆ. ಜಿಡ್ಡಿದ್ದರೆ ನಮ್ಮ ಕೆಮ್ಮಣ್ಣಿನ ಧೂಳೆಲ್ಲ ಅದಕ್ಕೇ ಮೆತ್ತಿಕೊಳ್ಳುತ್ತದೆ. ಸ್ಪ್ರೇ ಡಬ್ಬಿಗಳನ್ನು ನಾನು ಅಂಗಡಿಯಲ್ಲಿ ಇಡುವುದೇ ಇಲ್ಲ. ಅಲಾಯ್ ಚಕ್ರದ ಸಂದಿಯಿಂದ ಹನಿಗಳು ಬ್ರೇಕ್ ಡಿಸ್ಕಿನ ಮೇಲೆ ಬೀಳುತ್ತವೆ. ಈಗಾಗಲೇ ಕೊಂಡಿದ್ದರೆ ಅದನ್ನೂ ಸ್ಪಂಜಿಗೇ ಹೊಡೆದು ಬಳಸಿ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಡಬ್ಬಿ ಬಿಡಬೇಡಿ.

ರಸ್ತೆಗೆ ತಾಗುವ ಭಾಗಕ್ಕೆ ಒಂದು ಹನಿಯೂ ಬೇಡ. ಇಲ್ಲಿಂದ ಸಕಲೇಶಪುರ ದಾಟಿದರೆ ಶಿರಾಡಿ ಘಾಟಿ. ಮಳೆಗಾಲದ ಆ ಇಳಿಜಾರಿನ ತಿರುವಿನಲ್ಲಿ ಟೈರಿನ ಹಿಡಿತವೊಂದೇ ನಮ್ಮನ್ನು ಕಾಯುವುದು. ಬೈಕ್, ಸ್ಕೂಟರುಗಳ ಟೈರಿಗಂತೂ ಪಾಲಿಶ್ ಮುಟ್ಟಿಸಲೇಬೇಡಿ; ತಿರುವಿನಲ್ಲಿ ಗಾಡಿ ವಾಲಿದಾಗ ಟೈರಿನ ಅಂಚೇ ನೆಲಕ್ಕೆ ಊರುತ್ತದೆ. ‘ಅಣ್ಣಾ, ನನ್ನ ಬುಲೆಟ್‌ಗೂ ಸ್ವಲ್ಪ ಹಚ್ಚಿಬಿಡಿ’ ಎಂದು ಹುಡುಗರು ಎಷ್ಟು ಗೋಗರೆದರೂ ನಾನು ಹಚ್ಚುವುದಿಲ್ಲ.

ನೀರಿನ ಪಾಲಿಶ್ ಜೋರು ಮಳೆಗೆ ಬೇಗ ಹೋಗುತ್ತದೆ, ನಿಜ. ಹೋದರೆ ಹೋಗಲಿ, ಮಳೆಗಾಲದಲ್ಲಿ ತೊಳೆದರೆ ಸಾಕು. ಕಾರನ್ನು ಟಿಂಕರಿಂಗ್, ಪೇಂಟಿಂಗ್‌ಗೆ ಬಿಡುವುದಿದ್ದರೆ ಅದಕ್ಕೆ ಮೊದಲು ಪಾಲಿಶ್ ಹಚ್ಚಲೇಬೇಡಿ. ಸಿಲಿಕೋನ್ ತಗುಲಿದ ಜಾಗದಲ್ಲಿ ಹೊಸ ಬಣ್ಣ ಕೂರದೆ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಮೊದಲೇ ಹಚ್ಚಿದ್ದರೆ ಪೇಂಟರ್‌ಗೆ ಮುಂಚಿತವಾಗಿ ಹೇಳಿಬಿಡಿ.