ಮಕ್ಕಳ ಸೀಟು ತಂದರಾಯ್ತಾ, ಬಿಗಿಯಾಗಿ ಕಟ್ಟಬೇಡವೇ?

ಕೊಡಗಿನಲ್ಲಿ ರೈಲಿಲ್ಲ. ಚುಚ್ಚುಮದ್ದಿಗೂ, ನೆಂಟರ ಮದುವೆಗೂ, ಮೈಸೂರಿನ ಆಸ್ಪತ್ರೆಗೂ ರಸ್ತೆಯೇ ಗತಿ. ಹಾಗಾಗಿ ಮಡಿಕೇರಿ, ವಿರಾಜಪೇಟೆಯ ಕಾರುಗಳಲ್ಲೂ ಈಗ ಮಕ್ಕಳ ಸೀಟು ಕಾಣುತ್ತದೆ. ಆದರೆ ನಾನು ಕೈಹಾಕಿ ನೋಡಿದವುಗಳಲ್ಲಿ ಹೆಚ್ಚಿನವು ತೊಟ್ಟಿಲಿನಂತೆ ತೂಗಾಡುತ್ತಿದ್ದವು!

ಮೊದಲು ಆಯ್ಕೆ. ವಯಸ್ಸಿಗಿಂತ ಮಗುವಿನ ತೂಕ, ಎತ್ತರ ನೋಡಿ. ಸುರಕ್ಷತಾ ಮಾನದಂಡದ ಗುರುತು ಇರಲಿ: ಭಾರತದ ಎಐಎಸ್ 072, ಇಲ್ಲವೇ ವಿಶ್ವಸಂಸ್ಥೆಯ ಆರ್44 ಅಥವಾ ಆರ್129. ಬಟ್ಟೆಯ ಪಟ್ಟಿ ಹೊಲಿದು 'ಸೇಫ್ಟಿ ಬೆಲ್ಟ್' ಎಂದು ಮಾರುವ ಅಗ್ಗದ ಸಾಮಾನು ಬೇಡ. ಅಪಘಾತ ಕಂಡ ಹಳೆ ಸೀಟನ್ನು ಪುಕ್ಕಟೆ ಕೊಟ್ಟರೂ ಬೇಡ.

ಎರಡನೆಯದು ಜಾಗ: ಹಿಂದಿನ ಸೀಟು, ಅಷ್ಟೇ. ಎಳೆಮಗುವಿನ ಮುಖ ಕಾರಿನ ಹಿಂಬದಿಗೆ ಇರಬೇಕು. ತಲೆ ಭಾರ, ಕತ್ತು ಮೃದು ಅಲ್ವಾ? ಆರ್129 ಪ್ರಕಾರ ಕನಿಷ್ಠ 15 ತಿಂಗಳವರೆಗೆ ಹೀಗೆ. ಸೀಟಿನ ಮಿತಿ ಮುಗಿಯುವವರೆಗೂ ತಿರುಗಿಸಲೇಬೇಡಿ ಅಂತೀನಿ ನಾನು.

ಇನ್ನು ಎಲ್ಲರೂ ಎಡವುವ ಕೆಲಸ, ಸೀಟು ಕಟ್ಟುವುದು. ಬೆಲ್ಟು ಹಾಯುವ ದಾರಿಗೆ ಸಾಮಾನ್ಯವಾಗಿ ಬಣ್ಣದ ಗುರುತಿರುತ್ತದೆ: ಹಿಮ್ಮುಖವಾದರೆ ನೀಲಿ, ಮುಮ್ಮುಖವಾದರೆ ಕೆಂಪು. ಬೆಲ್ಟು ಎಲ್ಲೂ ತಿರುಚಿರಬಾರದು. ಬಕಲ್ ಹಾಕಿ, ಸೀಟಿನ ಮೇಲೆ ಅಂಗೈಯೂರಿ ಇಡೀ ಮೈಭಾರ ಬಿಡಿ. ಹಾಗೇ ಒತ್ತಿಕೊಂಡು, ಮೊದಲು ಸೊಂಟದ ಪಟ್ಟಿ, ಆಮೇಲೆ ಹೆಗಲ ಪಟ್ಟಿ ಎಳೆಯಿರಿ. ಸೀಟಿನಲ್ಲಿ ಬೆಲ್ಟನ್ನು ಹಿಡಿದಿಡುವ ಲಾಕ್ ಇದ್ದರೆ ಆಗಲೇ ಹಾಕಿ. ಕೈ ತೆಗೆದ ಮೇಲೆ ಎಳೆದರೆ ಪ್ರಯೋಜನವಿಲ್ಲ. ಈಗ ಬೆಲ್ಟು ಹಾಯುವ ಜಾಗದಲ್ಲೇ ಹಿಡಿದು ಅಲ್ಲಾಡಿಸಿ. ಎರಡೂವರೆ ಸೆಂಟಿಮೀಟರಿಗಿಂತ ಜಾಸ್ತಿ ಸರಿದರೆ ಬಿಚ್ಚಿ, ಮತ್ತೆ ಕಟ್ಟಿ. ನನಗೆ ಮೊದಲ ಸಲ ನಾಲ್ಕು ಬಾರಿ ಬಿಚ್ಚಬೇಕಾಯಿತು.

ಕಾರಲ್ಲೂ ಮಕ್ಕಳ ಸೀಟಲ್ಲೂ ಐಸೋಫಿಕ್ಸ್, ಅಂದರೆ ಬೆಲ್ಟಿಲ್ಲದೆ ಸೀಟನ್ನು ನೇರ ಕಾರಿಗೇ ಸಿಕ್ಕಿಸುವ ಲೋಹದ ಕೊಂಡಿ, ಇದ್ದರೆ ಅದನ್ನೇ ಬಳಸಿ. ಎರಡೂ ಕಡೆ ಕ್ಲಿಕ್ ಎಂದು ಹಸಿರು ಗುರುತು ಕಾಣಬೇಕು. ಮಕ್ಕಳ ಸೀಟಿನ ಮೇಲ್ಭಾಗವನ್ನು ಹಿಂದಕ್ಕೆ ಎಳೆದು ಕಟ್ಟುವ ಪಟ್ಟಿಯನ್ನು ಲಗೇಜ್ ಕಟ್ಟುವ ಕೊಕ್ಕೆಗೆ ಸಿಕ್ಕಿಸುವವರಿದ್ದಾರೆ. ಅದು ತಡೆಯುವುದಿಲ್ಲ. ಅದಕ್ಕೆಂದೇ ಇರುವ ಕೊಕ್ಕೆ ಎಲ್ಲಿದೆ ಎಂದು ಕಾರಿನ ಪುಸ್ತಕದಲ್ಲಿ ನೋಡಿ.

ಮಗುವನ್ನು ಕೂರಿಸುವಾಗ ನಮ್ಮ ಚಳಿಯೇ ಶತ್ರು. ದಪ್ಪ ಜರ್ಕಿನ್ ಮೇಲೆ ಮಕ್ಕಳ ಸೀಟಿನ ಪಟ್ಟಿ ಹಾಕಿದರೆ ಬಿಗಿಯಾದಂತೆ ಕಾಣುತ್ತದೆ, ಗುದ್ದಿದಾಗ ಜರ್ಕಿನ್ ಒಳಗೆ ಕುಗ್ಗಿ ಪಟ್ಟಿ ಸಡಿಲವಾಗುತ್ತದೆ. ಜರ್ಕಿನ್ ಬಿಚ್ಚಿ, ಪಟ್ಟಿ ಬಿಗಿದು, ಮೇಲಿಂದ ಶಾಲು ಹೊದಿಸಿ. ಹೆಗಲ ಬಳಿ ಪಟ್ಟಿಯನ್ನು ಚಿವುಟಿ ನೋಡಿ. ಮಡಿಕೆ ಸಿಕ್ಕರೆ ಇನ್ನೂ ಸಡಿಲ.

ಸಂಪಾಜೆ ಘಾಟಿಯ ತಿರುವಿನಲ್ಲಿ ವಾಂತಿ ಬಂತೆಂದು ತೊಡೆಗೆ ಎತ್ತಿಕೊಳ್ಳುವವರೇ ಹೆಚ್ಚು. 'ನಾನು ಗಟ್ಟಿ ಹಿಡ್ಕೊಳ್ತೀನಿ ಬಿಡಿ' ಎನ್ನುವ ಅಜ್ಜಿಗೆ ಹೇಳಿ: ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗುದ್ದುವುದೂ ಸುಮಾರು 10 ಮೀಟರ್ ಎತ್ತರದಿಂದ ಬೀಳುವುದೂ ಒಂದೇ. ಯಾವ ತೋಳೂ ತಡೆಯದು. ಗಾಡಿ ಬದಿಗೆ ನಿಲ್ಲಿಸಿ, ಒರೆಸಿ, ಮತ್ತೆ ಕಟ್ಟಿ.

ದೊಡ್ಡ ಮಕ್ಕಳಿಗೆ, ಸುಮಾರು 145 ಸೆಂಟಿಮೀಟರ್ ಎತ್ತರ ಬರುವವರೆಗೆ, ಬೂಸ್ಟರ್, ಅಂದರೆ ಕಾರಿನ ಬೆಲ್ಟು ಸರಿಯಾಗಿ ಕೂರುವಂತೆ ಮಗುವನ್ನು ಎತ್ತರಿಸುವ ಸೀಟು. ಬೆಲ್ಟು ಹೆಗಲ ನಡುವೆ ಮತ್ತು ಸೊಂಟದ ಮೂಳೆ ಮೇಲೆ ಇರಲಿ, ಕತ್ತು, ಹೊಟ್ಟೆ ಮೇಲಲ್ಲ. ಕಂಕುಳಡಿ ತೂರಿಸಬೇಡಿ. 14 ವರ್ಷದೊಳಗಿನ ಮಗುವಿಗೆ ಬೆಲ್ಟು, ಸೀಟು ಎರಡೂ ಇಲ್ಲದಿದ್ದರೆ 1,000 ರೂಪಾಯಿ ದಂಡವೂ ಇದೆ.

ತೋಟದ ಜೀಪಿನ ಅಡ್ಡ ಬೆಂಚಿಗೆ ಯಾವ ಸೀಟೂ ಕೂರುವುದಿಲ್ಲ. ಮಗು ಕಾರಲ್ಲೇ ಬರಲಿ, ಜೀಪಲ್ಲಿ ಸಾಮಾನು ಹೋಗಲಿ.