ಉಪ್ಪುಗಾಳಿಯ ಊರಲ್ಲಿ ಹಳೆಯ ಡ್ಯಾಕ್ ಕೊಳ್ಳುವ ಮುನ್ನ

ಹಳೆಯ ಡ್ಯಾಕ್ (ಡಿಜಿಟಲ್ ಅಂಕಿಗಳನ್ನು ಸದ್ದಿನ ಸಂಕೇತವಾಗಿಸುವ ಪೆಟ್ಟಿಗೆ) ಮಾರುವವರ ಬಾಯಲ್ಲಿ ಮೊದಲು ಬರುವುದು ಒಳಗಿನ ಚಿಪ್ಪಿನ ಹೆಸರು. ಫಿಲಿಪ್ಸಿನ ಹೆಸರಾಂತ ಚಿಪ್ಪು ಟಿಡಿಎ1541ಎ ಅಂದರೆ ಸಾಕು, ಬೆಲೆ ಏರುತ್ತದೆ. ಮಲ್ಪೆಯಲ್ಲೋ ಉಳ್ಳಾಲದಲ್ಲೋ 20 ಮಳೆಗಾಲ ಕಂಡ ಪೆಟ್ಟಿಗೆಯಾದರೆ ಚಿಪ್ಪನ್ನು ಕೊನೆಗೆ ನೋಡಿದರಾಯಿತು.

ಪ್ಲಗ್ ಹಾಕುವ ಮೊದಲು ಹಿಂಬದಿಯ ಲೇಬಲ್ ಓದಿ. ಜಪಾನಿನಿಂದ ಬಂದದ್ದು 100 ವೋಲ್ಟಿನದು. ನಮ್ಮ 230ಕ್ಕೆ ನೇರ ಕೊಟ್ಟರೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಸದ್ದಿನ ಕೇಬಲ್ ಚುಚ್ಚುವ ಆರ್‌ಸಿಎ ಸಾಕೆಟ್ಟಿನ ಮೇಲೆ ಹಸಿರು ಕಿಲುಬು ಕಂಡರೆ ಒಳಗೂ ಅದೇ ಕಥೆ ಇರಬಹುದು.

ಪ್ಲಗ್ ಹೊರಗೇ ಇರಲಿ, ಮುಚ್ಚಳ ಬಿಚ್ಚಿ. ವಿದ್ಯುತ್ ಕೂಡಿಡುವ ಪುಟ್ಟ ಡಬ್ಬಿಯಂಥ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ತಲೆ ಉಬ್ಬಿದೆಯೇ, ಬುಡ ಒದ್ದೆಯೇ? ಬುಡದಲ್ಲಿ ಕಂದು ಅಂಟು ಕಂಡೊಡನೆ ಸೋರಿಕೆ ಎನ್ನಬೇಡಿ, ಅದು ಕಾರ್ಖಾನೆಯಲ್ಲೇ ಹಾಕಿದ ಗೋಂದು ಇರಬಹುದು. ಹಾಗೆಂದು ಬಿಡುವ ಹಾಗೂ ಇಲ್ಲ: ಹಳೆಯ ಹಳದಿ ಗೋಂದು ಕಂದಾದಂತೆ ವಿದ್ಯುತ್ ಹರಿಯಬಿಡುತ್ತದೆ, ಪಕ್ಕದ ರೆಸಿಸ್ಟರಿನ ಕಾಲನ್ನು ತಿನ್ನುತ್ತದೆ; ತೇವ ಸೇರಿದರೆ ಇನ್ನೂ ಬೇಗ. ಕೆರೆದು ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಇರುವೆ ಗೂಡು, ಹಲ್ಲಿಯ ಹಿಕ್ಕೆ ಸಿಕ್ಕರೂ ಆಶ್ಚರ್ಯವಿಲ್ಲ.

ಮೊದಲ ಸಲ ಆನ್ ಮಾಡುವಾಗ 40 ವಾಟಿನ ಹಳೇ ಮಾದರಿ ತಂತಿ ಬಲ್ಬನ್ನು ಸೀರೀಸಿನಲ್ಲಿ, ಅಂದರೆ ವಿದ್ಯುತ್ ಬಲ್ಬಿನ ಮೂಲಕವೇ ಪೆಟ್ಟಿಗೆಗೆ ಹರಿಯುವಂತೆ ಇಡಿ; ಎಲ್‌ಇಡಿ ಬಲ್ಬು ಆಗದು. ಒಮ್ಮೆ ಮಿಂಚಿ ಮಂದವಾದರೆ ಸರಿ, ಪೂರ್ತಿ ಉರಿಯುತ್ತಲೇ ಇದ್ದರೆ ಶಾರ್ಟ್. ಬಳಿಕ ಬಲ್ಬ್ ತೆಗೆದು, ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರುಗಳ ಔಟ್‌ಪುಟ್ ಅಳೆಯಿರಿ. 7805ರಲ್ಲಿ 5, 7915ರಲ್ಲಿ ಮೈನಸ್ 15 ವೋಲ್ಟ್, ಹೆಚ್ಚುಕಡಿಮೆ ಶೇ 4ರೊಳಗೆ. 78 ಮತ್ತು 79 ಸರಣಿಯ ಕಾಲುಗಳ ಕ್ರಮ ಬೇರೆ ಬೇರೆ. 79ರ ಲೋಹದ ಬೆನ್ನು ಗ್ರೌಂಡ್ ಅಲ್ಲ, ಇನ್‌ಪುಟ್. ಪ್ರೋಬ್ ಜಾರಿದರೆ ಕೆಲಸ ಕೆಟ್ಟಿತು. ಅಲ್ಲೇ ಮೀಟರನ್ನು ಎಸಿಗೆ ತಿರುಗಿಸಿ: ಹತ್ತಾರು ಮಿಲಿವೋಲ್ಟ್ ಕಂಡರೆ ಫಿಲ್ಟರ್ ಕೆಪಾಸಿಟರ್ ಒಣಗಿರಬಹುದು.

ಹಾಡು ಹಾಕದೆ, ಆರ್‌ಸಿಎ ನಡುಕಡ್ಡಿ ಮತ್ತು ಹೊರಬಳೆಯ ನಡುವಿನ ಡಿಸಿ ಅಳೆಯಿರಿ. 10 ಮಿಲಿವೋಲ್ಟಿನೊಳಗಿದ್ದರೆ ನಿಶ್ಚಿಂತೆ. 50 ದಾಟಿದರೆ ಆಂಪ್ಲಿಫೈಯರಿಗೆ ಜೋಡಿಸಬೇಡಿ. ಡಿಸಿ ತಡೆಯುವ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿರಬಹುದು, ಸಂಕೇತ ಹಿಗ್ಗಿಸುವ ಚಿಪ್ಪಾದ ಆಪ್-ಆಂಪ್ ಕೆಟ್ಟಿರಬಹುದು.

ಸದ್ದೇ ಇಲ್ಲವೇ? ಡಿಜಿಟಲ್ ಸಂಕೇತ ಸ್ವೀಕರಿಸುವ ಚಿಪ್ಪು (ರಿಸೀವರ್) ಸಿಎಸ್8412 ಇರುವ ಪೆಟ್ಟಿಗೆ 48 ಕಿಲೊಹರ್ಟ್ಸ್ ದಾಟದು. 96 ಕಳಿಸಿ ಕೆಟ್ಟಿದೆ ಎನ್ನಬೇಡಿ, ಪ್ಲೇಯರನ್ನು 16 ಬಿಟ್, 44.1ಕ್ಕೆ ಇಳಿಸಿ. ಒಂದು ಕಡೆ ಮಾತ್ರ ಕ್ಷೀಣವಾಗಿ, ಕರಕರ ಎನ್ನುತ್ತಾ ಬಂದರೆ ಸದ್ದು ತಡೆಹಿಡಿಯುವ ಪುಟ್ಟ ಸ್ವಿಚ್ಚಾದ ಮ್ಯೂಟ್ ರಿಲೇಯನ್ನು ಪೆನ್ಸಿಲಿನ ಹಿಂಬದಿಯಿಂದ ತಟ್ಟಿ. ಸದ್ದು ಮರಳಿತೇ? ರಿಲೇ ಬದಲಿಸಿದರೆ ಮುಗಿಯಿತು. ಕರಾವಳಿಯಲ್ಲಿ ಇದು ತೀರಾ ಸಾಮಾನ್ಯ.

ಇನ್ನು ಬೇರೊಂದು ಡ್ಯಾಕ್ ಜೊತೆ ಹೋಲಿಸಿ ಕೇಳುವುದು. ಸಿಡಿ ಕಾಲದ ರೂಢಿ ಔಟ್‌ಪುಟ್ 2 ವೋಲ್ಟ್. ಹಳೆಯದು 2.3 ಕೊಟ್ಟರೆ ಸುಮಾರು 1.2 ಡೆಸಿಬೆಲ್ ಜೋರು. ಜೋರಾದದ್ದೇ ಕಿವಿಗೆ ಚೆಂದ. ‘ಬೆಚ್ಚನೆ ಸದ್ದು’ ಎಂದು ಹೊಗಳುವ ಅರ್ಧ ಮಂದಿ ಮೋಸಹೋಗುವುದು ಇಲ್ಲೇ. 100 ಹರ್ಟ್ಸ್ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್ಲಿನಲ್ಲಿ ಎಸಿ ಅಳೆದು, ಎರಡೂ ಡ್ಯಾಕ್‌ಗಳನ್ನು ಶೇ 1ರೊಳಗೆ ಸಮ ಮಾಡಿಕೊಂಡೇ ಹೋಲಿಸಿ. 1 ಕಿಲೊಹರ್ಟ್ಸ್ ಟೋನ್ ಬೇಡ, ಅಗ್ಗದ ಮೀಟರುಗಳು ಅಲ್ಲಿ ತಪ್ಪು ತೋರಿಸುತ್ತವೆ.

ಯಕ್ಷಗಾನದ ಒಳ್ಳೆಯ ಧ್ವನಿಮುದ್ರಣಕ್ಕಿಂತ ಕಠಿಣ ಪರೀಕ್ಷೆ ಬೇಕಿಲ್ಲ. ಚೆಂಡೆಯ ಪೆಟ್ಟು ಪೆಟ್ಟಾಗಿಯೇ ಬರಬೇಕು, ದಿಂಬಿಗೆ ಹೊಡೆದಂತಾಗಬಾರದು. ತೆಂಕುತಿಟ್ಟಿನ ಚಕ್ರತಾಳ ಮರಳು ಚೆಲ್ಲಿದಂತೆ ಕೇಳಿಸಿದರೆ ಔಟ್‌ಪುಟ್ ಹಂತದತ್ತ ನೋಡಿ. ಆಮೇಲೆ ಮೈನಸ್ 60 ಡೆಸಿಬೆಲ್‌ನ 1 ಕಿಲೊಹರ್ಟ್ಸ್ ಟೋನನ್ನು ಹೆಡ್‌ಫೋನಿನಲ್ಲಿ ಕೇಳಿ. ನುಣ್ಣಗಿರಬೇಕು. ಗರಗರ ಸೇರಿದ್ದರೆ, ಟಿಡಿಎ1541ಎ ಸುತ್ತಲಿನ ಗದ್ದಲ ಸೋಸುವ 14 ಡಿಕಪ್ಲಿಂಗ್ ಕೆಪಾಸಿಟರುಗಳನ್ನೂ ಅವುಗಳ ಬೆಸುಗೆಯನ್ನೂ ಪರಿಶೀಲಿಸಿ. ಚಿಪ್ಪಿನ ಮೇಲೆ, ಆಯ್ದ ದರ್ಜೆಯದೆಂದು ಸಾರುವ ಕಿರೀಟದ ಗುರುತಿದ್ದರೆ ಭೂತಕನ್ನಡಿಯಲ್ಲಿ ನೋಡಿ. ಮೇಲ್ಮೈ ಉಜ್ಜಿ ಹೊಸದಾಗಿ ಅಚ್ಚು ಹಾಕಿದ ನಕಲಿಗಳು ಬಹಳ ಓಡಾಡುತ್ತಿವೆ. ಮೈನಸ್ 60ರ ಟೋನ್ ಮುಗಿದೊಡನೆ ವಾಲ್ಯೂಮ್ ಇಳಿಸಿ, ಆಮೇಲೆಯೇ ಹಾಡು.

ಕೊಂಡ ಮೇಲೆ, ಮಳೆ ಸುರಿಯುವ ಆಟಿ ತಿಂಗಳಲ್ಲಿ ದಿನಕ್ಕೊಂದು ಗಂಟೆಯಾದರೂ ಆನ್ ಇಡಿ, ಒಳಗಿನ ಬಿಸಿಗೆ ತೇವ ಹೋಗುತ್ತದೆ. ಆದರೆ ಗುಡುಗು ಶುರುವಾದಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ.